ಗೋಡೆಗೊರಗಿದ ನಿದ್ದೆ

ಬಳೆ ಸದ್ದು, ಮತ್ತೆ ಬಳೆ ಸದ್ದು, ಅಯ್ಯೋ ಶಿವನೇ, ಈಗಷ್ಟೇ ರೆಪ್ಪೆ ಕೂಡಿತ್ತಲ್ಲ, ಹೆಂಡತಿ ಗುರಮ್ಮ ಭುಜ ಅಲುಗಿಸುತ್ತಿದ್ದಾಳೆ, ಏನ್ರಿ, ನಿದ್ದಿ ಮಾಡ್ಲತ್ತೀರೇನ್ರಿ, ಮಾಡ್ಲತ್ತಿದ್ದೆ, ನೀ ಕೇಳೋ ತನಕ, ಎಂದ ಹಾವಗೆಪ್ಪ, ಅವಳು ನಗಲಿಲ್ಲ, ಮೊದಲಾದರೆ ಇಂಥ ಮಾತಿಗೆ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಇಂದಿಗೆ ಹನ್ನೊಂದು ದಿನ, ರಾತ್ರಿಯೂ ಇಲ್ಲ, ಹಗಲೂ ಇಲ್ಲ, ಅಡ್ಡಾದರೆ ಎದೆಯ ಮೇಲೆ ಜೋಳದ ಚೀಲ ಹೇರಿದಂತೆ, ದಮ್ಮು ಹತ್ತಿ ಎದ್ದು ಕೂರುವುದು, ಕೂತರೆ ತುಸು ಹಗುರ, ಕಣ್ಣೆಳೆಯುತ್ತದೆ, ಕಣ್ಣೆಳೆದರೆ ಈ ಬಳೆ. ಭಾಲ್ಕಿಯಿಂದ ಬಂಡಿ ಕಟ್ಟಿಸಿ ಬೀದರಿಗೆ ಹೋಗಿ ಹಕೀಮ ಕುತುಬೋದ್ದೀನರಿಗೆ ನಾಡಿ ತೋರಿಸಿದ್ದೂ ಆಯಿತು, ಅವರು ಬಾತ ಕಾಲನ್ನು ಒತ್ತಿ, ಬಿದ್ದ ಗುಳಿ ತುಂಬುವುದನ್ನು ನೋಡಿ, ದಿಲ್ ಕಮಜೋರ್ ಆಗ್ಯಾದ ಸಾವುಕಾರ್ರೆ, ಗುಂಡಿಗಿ ಸೋತಾದ, ಅಡ್ಡಾಗಬ್ಯಾಡ್ರಿ, ಬೆನ್ನಿಗಿ ಲೋಡ ಇಟ್ಕೊಂಡು ಕೂತೇ ನಿದ್ದಿ ಮಾಡ್ರಿ, ನಿದ್ದಿನೇ ನಿಮಗ ದವಾ, ಎಂದರು. ಗುರಮ್ಮ ಹೂಂ ಅಂದಳು, ಮನೆಗೆ ಬಂದು ಲೋಡನ್ನೂ ತಾನೇ ಇಟ್ಟಳು, ಇಟ್ಟು ಎದುರು ಗೋಡೆಗೆ ಕಾವಲು ಕೂತಳು, ದವಾ ಕುಡಿಯಲು ಬಿಡದ ಕಾವಲು! ನಿನ್ನೆ ಸಿಟ್ಟು ನೆತ್ತಿಗೇರಿ, ಕೈ ಮುಗೀತೇನಿ, ಒಂದು ತಾಸು ಬಿಡ ನಮ್ಮವ್ವಾ, ಎಂದಾಗ ಅತ್ತುಬಿಟ್ಟಳು, ಕೂತು ಕಣ್ಣು ಮುಚ್ಚಬ್ಯಾಡ್ರಿ, ನಮ್ಮಪ್ಪ ಕೂತಿದ್ದಂಗ ಕಾಣ್ತೀರಿ. ಹೌದು, ಅವಳ ತವರು ಔರಾದದಲ್ಲಿ, ಮದುವೆಯಾದ ವರ್ಷ, ಅಪ್ಪಗ ಜಡ್ಡದ ಎಂದು ಹೇಳಿಕಳಿಸಿದ್ದಕ್ಕೆ ಓಡಿದವಳು, ಪಡಸಾಲೆಯಲ್ಲಿ ವಿಭೂತಿ ಧರಿಸಿ ಗೋಡೆಗೊರಗಿ ನೆಟ್ಟಗೆ ಕೂತ ಅಪ್ಪನನ್ನು ಕಂಡು, ಗುಣಾಗ್ಯದಲ್ಲ ಎಂದು ಹಿಗ್ಗಿ, ಅಪ್ಪಾ, ಬಂದೀನಿ ನೋಡು, ಎಂದು ಮೊಣಕಾಲು ಹಿಡಿದಿದ್ದಳು. ತಮ್ಮ ಮಂದಿ ಸತ್ತವರನ್ನು ಕೂರಿಸುವವರು, ಕೂರಿಸಿಯೇ ಮಣ್ಣು ಕೊಡುವವರು, ಅದು ಅವಳಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತಳು. ಹಾವಗೆಪ್ಪ ಆಗ ಹೊರಗೆ ಎತ್ತು ಬಿಚ್ಚುತ್ತಿದ್ದ, ಅವಳ ಕೂಗು ಕೇಳಿಸಿತ್ತು, ಕಿವಿಗಷ್ಟೇ, ಎದೆಗಿಳಿದಿರಲಿಲ್ಲ.

ಎಷ್ಟು ಹೊತ್ತಾಯಿತು, ಹೊಸ್ತಿಲಲ್ಲಿದ್ದ ಬಿಸಿಲು ಕಂಬದ ತನಕ ಬಂದಿದೆ, ಅಂದರೆ ಎರಡು ತಾಸು, ಎರಡು ತಾಸು ನಿದ್ದೆ! ಎದೆ ಹಗುರ, ಹೊಟ್ಟೆ ಕೂಡ ಹಸಿದಿದೆ, ಇವಳ್ಯಾಕೆ ಎಬ್ಬಿಸಲಿಲ್ಲ, ಗೆದ್ದೆ ನೋಡು ಎಂದು ಚೇಷ್ಟೆ ಮಾಡಲು ತಲೆಯೆತ್ತಿದ. ಗುರಮ್ಮ ಎದುರಿಗೇ ಕೂತಿದ್ದಾಳೆ, ಗೋಡೆಗೊರಗಿ, ಕುತ್ತಿಗೆ ವಾಲಿದೆ, ಬಾಯಿ ತುಸು ತೆರೆದಿದೆ, ಹಣೆಯಲ್ಲಿ ವಿಭೂತಿ, ಏ ಗುರಮ್ಮ — ಕೂಗಲು ಬಾಯಿ ತೆರೆದವನು ಹೆದರಿ ತಡೆದ, ಹೀಗೇನು, ನನ್ನ ನೋಡಿ ಇವಳಿಗೆ ದಿನವೂ ಹೀಗೇ ಆಗುತ್ತಿತ್ತೇನು, ನಾನು ಬೈದೆನಲ್ಲ, ಹನ್ನೊಂದು ದಿನ ಇವಳೂ ಮಲಗಿಲ್ಲ, ನಿದ್ದೆ, ನಿದ್ದೆಯೇ, ಕರೆದರೆ ಎದ್ದುಬಿಡುತ್ತಾಳೆ ಪಾಪ, ಕರೆಯದಿದ್ದರೆ — ಸೆರಗು, ಎದೆಯ ಮೇಲಿನ ಸೆರಗು ನೋಡು, ಏರಿತು. ಇಳಿಯಿತು. ಗೋಡೆಗೊರಗಿ ಕೂತಿದ್ದಾಳೆ. ಏರಿತು. ಇಳಿಯಿತು. ಕರೆಯಬಾರದು. ಇನ್ನೊಮ್ಮೆ ಏರಲಿ, ಆಮೇಲೆ ತಾನು ಹಿಡಿದ ಉಸಿರು ಬಿಟ್ಟರಾಯಿತು.