ಕ್ಲಚ್ ಇಲ್ಲದ ವಿಮಾನ

ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಸರ್ವೀಸಿಡೀ ಬಸ್ಸೋಡಿಸಿ, ಒಂದು ಕೋಳಿಯ ಪುಕ್ಕವನ್ನೂ ಸವರದೆ ರಿಟೈರಾದ ಗುರುಸಿದ್ದಯ್ಯನವರು, ರಿಟೈರಾದ ಮೇಲೆ ದಿನಕ್ಕೊಂದು ವಿಮಾನವನ್ನು ಕಬ್ಬಿನ ಗದ್ದೆಗೆ ನುಗ್ಗಿಸತೊಡಗಿದರು.

ಗಾಬರಿ ಬೇಡ. ವಿಮಾನ ಇದ್ದದ್ದು ಕಂಪ್ಯೂಟರಿನೊಳಗೆ. ಕಬ್ಬೂ ಅಲ್ಲೇ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಮಗ ಮಾದೇಶ, ಅಪ್ಪ ಮನೆಯಲ್ಲಿ ಕೂತು ಅಮ್ಮನ ಅಡುಗೆಗೆ ಡೈರೆಕ್ಷನ್ ಕೊಡುವುದನ್ನು ತಪ್ಪಿಸಲೆಂದು ಅಲ್ಲಿಂದಿಲ್ಲಿಂದ ಬಿಡಿಭಾಗ ಹೊಂದಿಸಿ ವಿಮಾನ ಓಡಿಸುವ ಆಟ ಕೂರಿಸಿದ್ದ. "ಅಪ್ಪೋ, ರೋಡು ನಿನ್ನ ನೋಡಿ ಸಾಕಾಗೋಗದೆ. ಇನ್ಮೇಲೆ ಆಕಾಶನೇ ನಿಂಗೆ ಸೈಡ್ ಬುಡ್ಬೇಕು!" ಎಂದು ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಬಾರಿಸಿದ್ದ. ಆ ಕಂಪ್ಯೂಟರಿನ ಮೇಜಿಗೆ ಜಾಗ ಬೇಕಾಗಿ, ಹಜಾರದಲ್ಲಿದ್ದ ರತ್ನಮ್ಮನವರ ಹೊಲಿಗೆ ಮಿಷನ್ನು ಜಗಲಿಗೆ ಗಡೀಪಾರಾಯಿತು.

ಮೈಸೂರಿನ ವಿಮಾನ ನಿಲ್ದಾಣದಿಂದ ಏರುವುದು ಗುರುಸಿದ್ದಯ್ಯನವರಿಗೆ ಸಲೀಸು. ಮೇಲೆ ಹಾರುವುದಂತೂ ಇನ್ನೂ ಸಲೀಸು. ಎದುರಿಗೆ ಲಾರಿ ಬರುವುದಿಲ್ಲ. ತೊಂದರೆಯೆಲ್ಲ ಇಳಿಯುವಾಗ. ಚಕ್ರ ನೆಲ ಮುಟ್ಟಿದ ಮೇಲೆ ಕೈಯಲ್ಲಿರುವ ಜಾಯ್‌ಸ್ಟಿಕ್ ಎಂಬ ಕೋಲನ್ನು ತಿರುಚಿ ವಿಮಾನವನ್ನು ನೆಟ್ಟಗೆ ಹಿಡಿಯಬೇಕು. ಅವರೋ ನೆಲ ಕಂಡೊಡನೆ ಕೈಯನ್ನು ಮರೆತು ಕಾಲಿನಲ್ಲಿ ಮೇಜಿನಡಿಯ ಗಾರೆ ನೆಲವನ್ನು ತುಳಿಯುತ್ತಿದ್ದರು. ಗಾರೆ ಏನು ಮಾಡೀತು? ವಿಮಾನ ರಸ್ತೆ ಬಿಟ್ಟು ಕಬ್ಬಿಗೆ ಹೋಗುತ್ತಿತ್ತು.

ಒಂದು ಸಂಜೆ ರತ್ನಮ್ಮ ಜಗಲಿಯಿಂದ ಎದ್ದು ಬಂದರು. ಕೈಯಲ್ಲಿ ಕತ್ತರಿ.

"ನೋಡಿ, ಮಿಷನ್ನು ಬಿಸ್ಲಲ್ಲಿ ಒಣಗ್ತಾ ಅದೆ, ನೀವು ಇಲ್ಲಿ ಫ್ಯಾನ್ ಅಡೀಲಿ ಕಬ್ಬು ತುಳೀತಾ ಇವ್ರಿ. ಬರೋ ಭಾನ್ವಾರ ನಾನೇ ಪಕ್ದಲ್ಲಿ ಕೂರ್ತೀನಿ. ರೋಡು ಬುಟ್ಟು ಕೆಳಕ್ಕಿಳೀದಂಗೆ ಒಂದ್ಸಲ ನಿಲ್ಸಿ ತೋರ್ಸಿ. ಇಲ್ದಿದ್ರೆ ಈ ಡಬ್ಬ ಅಟ್ಟಕ್ಕೆ, ನನ್ನ ಮಿಷನ್ನು ಒಳಕ್ಕೆ."

"ನನ್ ಗಾಡೀಲಿ ನೀನ್ಯಾವತ್ತೇ ಕೂತಿದ್ದೆ?" ಎಂದರು ಗುರುಸಿದ್ದಯ್ಯ. ಮಾತು ನಿಜ. ಬೆಟ್ಟದ ಬಸ್ಸೆಂದರೆ ರತ್ನಮ್ಮನಿಗೆ ವಾಂತಿ. ಗಂಡ ಬಸ್ಸೋಡಿಸಿದ್ದನ್ನು ಊರೆಲ್ಲ ನೋಡಿತ್ತು, ಹೆಂಡತಿ ನೋಡಿರಲಿಲ್ಲ. ಈಗ ಮೊದಲ ಸಲ ನೋಡಲು ಬರುತ್ತೇನೆನ್ನುತ್ತಿದ್ದಾಳೆ, ಅದೂ ಕಬ್ಬಿನ ಗದ್ದೆಯ ಸೀಸನ್ನಿನಲ್ಲಿ! ಅಟ್ಟದ ಮಾತಿಗಿಂತ ಅದೇ ಅವರಿಗೆ ಹೆಚ್ಚು ಚುಚ್ಚಿತು.

"ಅಪ್ಪೋ, ನಿಂಗೆ ಬೇಕಿರೋದು ರಡ್ಡರ್ ಪೆಡಲ್ಲು," ಎಂದ ಮಾದೇಶ. "ಕಾಲಲ್ಲಿ ತಿರುಗ್ಸೋದು. ಎಡ್ಗಾಲು ಒತ್ತುದ್ರೆ ಎಡಕ್ಕೆ, ಬಲ್ಗಾಲು ಒತ್ತುದ್ರೆ ಬಲಕ್ಕೆ."

"ಕ್ಲಚ್ ಎಲ್ಲದೆ?"

"ವಿಮಾನಕ್ಕೆ ಕ್ಲಚ್ ಇರಲ್ಲ ಕಣಪ್ಪೋ."

ಗುರುಸಿದ್ದಯ್ಯನವರು ಬೆರಳು ಮಡಚಿ ಎಣಿಸಿದರು. ಗೇರಿಲ್ಲ, ಹಾರ್ನಿಲ್ಲ, ಈಗ ಕ್ಲಚ್ಚೂ ಇಲ್ಲ. ಇಂಥದ್ದನ್ನು ನಂಬಿ ಜನ ಟಿಕೆಟ್ ತೆಗೆದುಕೊಂಡು ಹತ್ತುತ್ತಾರಲ್ಲ!

ಮಾದೇಶ ಫೋನಿನಲ್ಲಿ ವಿಡಿಯೊ ತೋರಿಸಿದ. ಅದರಲ್ಲಿ ಬಿಳಿಯನೊಬ್ಬ ಪೆಡಲ್ಲನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಸ್ಪ್ರಿಂಗಿನ ಬಿಗಿ, ಸೆನ್ಸಾರಿನ ಸೂಕ್ಷ್ಮ, ಬಣ್ಣದ ಹೊಳಪು ಎಂದು ಹೇಳುತ್ತಲೇ ಇದ್ದ. ವಿಡಿಯೊ ಮುಗಿಯಿತು, ಅವನ ಕಾಲು ಅದರ ಮೇಲೆ ಬೀಳಲೇ ಇಲ್ಲ. "ಇವ್ನು ಡ್ರೈವರ್ರಲ್ಲ ಕಣ್ಲಾ, ಶೋರೂಮ್ನೋನು," ಎಂದು ಗುರುಸಿದ್ದಯ್ಯ ತೀರ್ಪು ಕೊಟ್ಟರು. ಅದನ್ನು ತರಿಸಿದರೂ ಭಾನುವಾರದೊಳಗೆ ಬರುವ ಹಾಗಿರಲಿಲ್ಲ.

ಅಷ್ಟರಲ್ಲಿ ಹನೂರಿನಲ್ಲಿ ರಂಗರಾಜು ಎಂಬುವವನ ಬಳಿ ಬಳಸಿದ ಪೆಡಲ್ ಸೆಟ್ಟೊಂದಿದೆಯೆಂದು ಸುದ್ದಿ ಬಂತು. ಗುರುಸಿದ್ದಯ್ಯ ತಮ್ಮ ಹಳೆಯ ಕಂಡಕ್ಟರ್ ನಾಗಯ್ಯನನ್ನು ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಆ ಪಾಪದ ಹುಡುಗ ಗೇರು ಬದಲಿಸಿದಾಗಲೆಲ್ಲ ಹಲ್ಲುನೋವು ಬಂದವರಂತೆ ಮುಖ ಮಾಡಿದರು.

ರಂಗರಾಜು ಗೋಣಿಚೀಲ ಸರಿಸಿದ. ಆಗ ನೋಡಿ, ಹೀರೊಯಿನ್ ಎಂಟ್ರಿ! ಒಂದಲ್ಲ, ಎರಡಲ್ಲ, ಮೂರು ಪೆಡಲ್. ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಗುರುಸಿದ್ದಯ್ಯನವರ ಕಣ್ಣಲ್ಲಿ ನೀರೊಂದು ಬರಲಿಲ್ಲ ಅಷ್ಟೆ.

"ಸಾ, ಇದು ಕಾರ್ ರೇಸಿಂದು," ಎಂದ ರಂಗರಾಜು.

"ಯಾವುದ್ಕೋ ಒಂದ್ಕೆ. ಕ್ಲಚ್ ಅದಲ್ಲ!"

"ಅಣ್ಣೋ, ವಿಮಾನ್ಕೆ ಎರಡೇ ಅಂತ ನಿಮ್ ಹೈದ ಯೋಳಿದ್ನಲ್ಲ," ಎಂದು ನಾಗಯ್ಯ ನೆನಪಿಸಿದ.

"ನೀನು ಟಿಕೆಟ್ ಹರಿ. ಪೆಡಲ್ ನನ್ಗೆ ಬುಡು."

ಮನೆಯಲ್ಲಿ ಮಾದೇಶ ತಲೆ ಚಚ್ಚಿಕೊಂಡು, ಕೊನೆಗೆ ಕ್ಲಚ್ಚು ಒತ್ತಿದರೆ ವಿಮಾನ ಎಡಕ್ಕೆ, ಆಕ್ಸಿಲರೇಟರು ಒತ್ತಿದರೆ ಬಲಕ್ಕೆ ತಿರುಗುವಂತೆ ಜೋಡಿಸಿಕೊಟ್ಟ. ಗುರುಸಿದ್ದಯ್ಯ ಹಾರಿದರು, ಇಳಿದರು. ಚಕ್ರ ನೆಲ ಮುಟ್ಟಿತು. ಗಾಡಿ ನಿಧಾನವಾಗಬೇಕಾದರೆ ಅವರ ಎಡಗಾಲು ಏನು ಮಾಡಬೇಕೋ ಅದನ್ನೇ ಮಾಡಿತು: ಮೃದುವಾಗಿ, ಪ್ರಯಾಣಿಕರ ನಿದ್ದೆ ಕೆಡದಂತೆ, ಕ್ಲಚ್ಚನ್ನು ಒತ್ತಿತು. ವಿಮಾನವೂ ಅಷ್ಟೇ ಮೃದುವಾಗಿ ಎಡಕ್ಕೆ ಹೊರಳಿ ಕಬ್ಬಿಗೆ ಹೋಯಿತು. ಪೆಡಲ್ ಸೆಟ್ಟು ಕೂಡ ಗಾರೆಯ ಮೇಲೆ ಜಾರಿಕೊಂಡು ಗೋಡೆಗೆ ಹೋಯಿತು.

"ಈಗ ಕಾಲಲ್ಲೇ ಗದ್ದೆಗೋದಂಗಾಯ್ತು," ಎಂದ ನಾಗಯ್ಯ. "ಪ್ರಗತಿ ಕಣಣ್ಣೋ."

ಶನಿವಾರ ಅದನ್ನೇ ಹೊತ್ತುಕೊಂಡು ಯಳಂದೂರಿಗೆ ಪಯಣ. ಅಲ್ಲಿನ ಮೂರ್ತಿ ಮೇಷ್ಟ್ರ ಹತ್ತಿರ ಅಸಲಿ ರಡ್ಡರ್ ಪೆಡಲ್ ಇದೆ, ಮಗಳ ಕಾರ್ ಆಟಕ್ಕೆ ಮೂರು ಪೆಡಲಿನದು ಸಿಕ್ಕರೆ ಬದಲಿಗೆ ಕೊಡುತ್ತಾರೆ ಎಂದು ಮಾದೇಶ ಮಾತಾಡಿಟ್ಟಿದ್ದ. ಮೇಷ್ಟ್ರು ಒಳಗಿಂದ ತಂದಿಟ್ಟದ್ದು ನೋಡಿ ಗುರುಸಿದ್ದಯ್ಯನವರ ಮುಖ ಹುಳ್ಳಗಾಯಿತು. ಒಂದೇ ಕಬ್ಬಿಣದ ಅಡ್ಡಪಟ್ಟಿ, ಅದರ ಎರಡು ತುದಿಗೆ ಎರಡು ಪಾದದ ಹಲಗೆ. ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಬರುತ್ತದೆ. ಬ್ರೇಕೂ ಇಲ್ಲ.

"ಇದೇನ್ ಸಾ, ಮಕ್ಳು ಕುಂತ್ಕಂಡು ಏಳೋ ಬೀಳೋ ಆಟದ್ದು?"

"ವಿಮಾನದಲ್ಲಿ ಹಿಂಗೇ ಇರೋದು ಸಿದ್ದಯ್ಯನೋರೆ," ಎಂದರು ಮೇಷ್ಟ್ರು.

ಗುರುಸಿದ್ದಯ್ಯನವರ ಬಳಿ ಆಯ್ಕೆಯ ಬೇರೆ ಅಳತೆಗೋಲಿತ್ತು. ಸ್ಪ್ರಿಂಗು, ಸೆನ್ಸಾರು ಯಾವುದನ್ನೂ ಕೇಳಲಿಲ್ಲ. ಡಿಪೋದಲ್ಲಿ ಹೊಸ ಬಸ್ಸಿನ ಸೀಟನ್ನು ಪರೀಕ್ಷಿಸುತ್ತಿದ್ದಂತೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಎತ್ತಿ ನೋಡಿದರು, ಸೊಂಟ ಉಳುಕಿತು.

"ತೂಕ ಅದೆ. ಜಾರಲ್ಲ. ಕಟ್ಟಿ ಸಾ."

ಲಕ್ಷಾಂತರ ಜನ ನೋಡಿದ ವಿಡಿಯೊದಲ್ಲಿ ಇಲ್ಲದ ಈ ಜ್ಞಾನವನ್ನು ನಾಗಯ್ಯ ಹೆಗಲ ಮೇಲೆ ಹೊತ್ತು ತಂದ.

ಭಾನುವಾರ. ಕ್ಲೈಮ್ಯಾಕ್ಸು. ರತ್ನಮ್ಮ ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತರು.

"ಅಮ್ಮೋ, ಮನೆ ಅಲ್ಲಾಡಲ್ಲ ಕಣಮ್ಮ," ಎಂದ ಮಾದೇಶ.

"ನಿಮ್ಮಪ್ಪನ ಡ್ರೈವಿಂಗು ಕಣ್ಲಾ. ಏನ್ ಯೋಳಕಾದದು!"

ಹಿಂದೆ ನಿಂತ ನಾಗಯ್ಯ ಅಭ್ಯಾಸಬಲದಿಂದ ಸೀಟಿ ಊದಿದ. ವಿಮಾನ ಏರಿತು. ತಿರುಗುವಾಗ ರತ್ನಮ್ಮ ನಿಂಬೆಹಣ್ಣನ್ನು ಮೂಗಿಗೆ ಹಿಡಿದು ಕುರ್ಚಿಯಲ್ಲೇ ವಿಮಾನದ ಜೊತೆ ತಾವೂ ವಾಲಿದರು. ಗುರುಸಿದ್ದಯ್ಯ ಓರೆಗಣ್ಣಲ್ಲಿ ನೋಡಿದರು. ಕವರು ಇನ್ನೂ ಖಾಲಿ. ಎದೆ ಒಂದಿಷ್ಟು ಉಬ್ಬಿತು.

ರನ್‌ವೇ ಹತ್ತಿರ ಬಂತು. ಚಕ್ರ ನೆಲ ಮುಟ್ಟಿತು, ಬಲು ನಾಜೂಕಾಗಿ. ಆಗಲೇ ಆ ಶತ್ರು, ಎಡಗಾಲು, ಮೆಲ್ಲಗೆ ಮುಂದೆ ಸರಿಯಿತು. ಮೂತಿ ಎಡಕ್ಕೆ ಹೊರಳಿತು. ಪರದೆಯ ಅಂಚಿನಲ್ಲಿ ಹಸಿರು ದೊಡ್ಡದಾಗುತ್ತಾ ಬಂತು.

"ರೀ! ಕಬ್ಬು! ಕಬ್ಬು ಕಣ್ರೀ! ಬ್ರೇಕ್ ಒತ್ರೀ!"

ಆ ಕಿರುಚಾಟಕ್ಕೆ ಗುರುಸಿದ್ದಯ್ಯನವರ ತಲೆ ಕೆಲಸ ನಿಲ್ಲಿಸಿತು, ಕಾಲು ಶುರು ಮಾಡಿತು. ಬೆಟ್ಟದ ತಿರುವಿನಲ್ಲಿ ಆನೆ ಎದುರಾದರೆ ಹೇಗೋ ಹಾಗೆ, ಕ್ಲಚ್ಚು ಬ್ರೇಕು ಒಟ್ಟಿಗೇ ಎಂದು ಎರಡೂ ಕಾಲನ್ನು ಸಮನಾಗಿ ಗುದ್ದಿ ಒತ್ತಿದರು. ಹಲಗೆಗಳೆರಡೂ ಒಂದೇ ಪಟ್ಟಿಯವು. ಎರಡು ಕಡೆ ಒತ್ತಿದರೆ ಯಾವ ಕಡೆಗೂ ಹೋಗಲಾರವು. ಪಟ್ಟಿ ನಡುವಿಗೆ ಬಂದು ಬಿಗಿದು ನಿಂತಿತು. ವಿಮಾನದ ಮೂತಿಯೂ ನೆಟ್ಟಗಾಯಿತು. ರನ್‌ವೇಯ ಅಂಚಿನಲ್ಲೇ ಓಡಿ ಓಡಿ, ಸುಸ್ತಾಗಿ, ತಾನಾಗೇ ನಿಂತಿತು. ರಸ್ತೆ ಬಿಟ್ಟಿರಲಿಲ್ಲ.

ನಾಗಯ್ಯ ಇನ್ನೊಂದು ಸೀಟಿ ಊದಿದ. ಗುರುಸಿದ್ದಯ್ಯ ಬೆವರೊರೆಸಿಕೊಂಡರು.

"ನೋಡ್ದೇನ್ಲಾ, ಎಂಗದೆ ಬ್ರೇಕು?"

"ಅಪ್ಪೋ, ಅದ್ರಲ್ಲಿ ಬ್ರೇಕೇ ಇಲ್ಲ. ನಿನ್ ಎಡ್ಗಾಲ್ನ ನಿನ್ ಬಲ್ಗಾಲೇ ಹಿಡ್ಕಂಡದೆ. ಅಮ್ಮ ಕಿರುಚ್ದೆ ಇದ್ದಿದ್ರೆ..."

ಮುಂದಿನದನ್ನು ಮಾದೇಶ ನುಂಗಿಕೊಂಡ. ಆದರೆ ರತ್ನಮ್ಮನಿಗೆ ಕೇಳಬೇಕಾದಷ್ಟು ಕೇಳಿತ್ತು. ಅವರು ಕವರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಎದ್ದು ಜಗಲಿಗೆ ಹೋದರು.

"ಲೇ ಮಾದೇಶ, ಬಾ ಇಲ್ಲಿ. ಈ ಮಿಷನ್ನ ಆ ಕಡೆಯಿಂದ ಹಿಡ್ಕೊ."

"ಅಂದ್ರೆ ಡಬ್ಬ ಅಟ್ಟಕ್ಕಾ?" ಗುರುಸಿದ್ದಯ್ಯನವರ ದನಿ ಇಳಿಯಿತು. "ರೋಡು ಬುಟ್ಟಿಲ್ವಲ್ಲೇ!"

"ಯಾಕಟ್ಟಕ್ಕೆ? ಮೇಜನ್ನ ಒಸಿ ಗೋಡೆಗೆ ತಳ್ಳಿ. ಮಿಷನ್ನು ಪಕ್ದಲ್ಲೇ ಇರ್ಲಿ. ಇಳಿಸೋಳು ನಾನು, ಜಗಲೀಲಿ ಕೂತ್ರೆ ಆದದಾ?"

ಈಗ ಸಂಜೆ ಆ ಮನೆಯ ಮುಂದೆ ಹಾದವರಿಗೆ ಗುರುಸಿದ್ದಯ್ಯನವರ ಕೂಗು ಕೇಳುತ್ತದೆ.

"ರತ್ನಾ, ಬಾರೇ, ಮೈಸೂರು ಬಂತು, ಇಳೀಬೇಕು!"

ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದಿನ ಜೊತೆ ಉತ್ತರ ಬರುತ್ತದೆ.

"ಒಗ್ಗರಣೆ ಆಕ್ಬುಟ್ಟು ಬತ್ತೀನಿ. ಇನ್ನೊಂದು ಸುತ್ತು ಹೊಡೀರಿ!"

ಬೆಟ್ಟದ ಹುಲಿ ಗುರುಸಿದ್ದಯ್ಯನವರು ಕೋಲೆಳೆದು ಇನ್ನೊಂದು ಸುತ್ತು ಹೊಡೆಯುತ್ತಾರೆ.