ಕಾವಲಿನ ಮುಯ್ಯಿ

ಬೋರೆ ಕಾವಲಿನ ತುಂಬ ಈಗ ಲಂಟಾನ ಬೆಳೆದಿದೆ. ಕೆರೆಯ ಬದಿಗೆ ಮಾತ್ರ ಅಲ್ಲೊಂದು ಇಲ್ಲೊಂದು ಹೊಂಗೆಮರ ಕಾಣುತ್ತದೆ. ಹೋಗಿಬರುವವರು ಅವು ತಾವಾಗಿ ಹುಟ್ಟಿದವು ಎಂದುಕೊಳ್ಳುತ್ತಾರೆ. ತಾವಾಗಿ ಹುಟ್ಟಿದ್ದಲ್ಲ. ಜಕ್ಕೂರು ಕೆರೆಯಿಂದ ಕೊಡ ಹೊತ್ತು ನೀರು ಹಾಕಿದವರಲ್ಲಿ ನಾನೂ ಒಬ್ಬಳು. ಆ ದಾರಿಯಲ್ಲಿ ಹೋದಾಗಲೆಲ್ಲ ಮೊದಲು ವೆಂಕಟರಾಮಯ್ಯನವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಪಾಪ ಅನ್ನಿಸುತ್ತದೆ.

ಅವರು ಯಲಹಂಕಕ್ಕೆ ಫಾರೆಸ್ಟರ್ ಆಗಿ ಬಂದದ್ದು ಐವತ್ತೇಳರಲ್ಲಿ. ಕಾವಲು ಸರ್ಕಾರದ ನೆಲ. ವಿಮಾನ ಇಳಿಯುವ ಬಯಲಿನ ಆಚೆಗೆ ಬೋಳಾಗಿ ಬಿದ್ದಿತ್ತು. ವರ್ಷವರ್ಷವೂ ವನಮಹೋತ್ಸವಕ್ಕೆ ದೊಡ್ಡವರು ಜೀಪಿನಲ್ಲಿ ಬಂದು ಗಿಡ ನೆಡುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾರನೆಯ ದಿನ ನಮ್ಮೂರ ಮೇಕೆಗಳಿಗೆ ಹಬ್ಬ. ನಾವು ನೋಡಿ ನಗುತ್ತಿದ್ದೆವು. ವೆಂಕಟರಾಮಯ್ಯನವರು ನಗುತ್ತಿರಲಿಲ್ಲ. ಕೆಲಸ ಮಾಡಿದ ಊರಲ್ಲೆಲ್ಲ ಅವರು ಗಿಡ ನೆಟ್ಟಿದ್ದರಂತೆ. ಇವರಿಗೆ ವರ್ಗವಾದ ಮರುಬೇಸಿಗೆಗೇ ಅವೆಲ್ಲ ಒಣಗಿಹೋಗಿದ್ದವಂತೆ. ರಿಟೈರ್ ಆಗುವುದರೊಳಗೆ ಒಂದೇ ಒಂದು ತೋಪು ಎಬ್ಬಿಸಬೇಕು, ತಾವು ಹೋದ ಮೇಲೂ ಅದು ಉಳಿಯಬೇಕು. ಆ ಮನುಷ್ಯರಿಗಿದ್ದ ಆಸೆ ಅದೊಂದೇ.

ಆದರೆ ನೀರು ಹಾಕುವವರು ಯಾರು? ಇಲಾಖೆ ಅವರಿಗೆ ಕೊಟ್ಟಿದ್ದದ್ದು ಗಾರ್ಡ್ ಖಾದರ್ ಬಾಷಾನನ್ನು, ಸಸಿ ಎಬ್ಬಿಸುವ ಕೆಲಸಕ್ಕೆ ಅವನ ಹೆಂಡತಿ ಖುರ್ಷೀದಳನ್ನು. ಕೂಲಿಯಾಳಿಗೆ ಕಾಸಿಲ್ಲ ಎಂದಿತ್ತು. ಹಾಗಾಗಿ ಒಂದು ಸಂಜೆ ಅವರೇ ನಮ್ಮೂರ ಅರಳಿಕಟ್ಟೆಗೆ ಬಂದು ಜನ ಸೇರಿಸಿದರು. ಶ್ರಮದಾನ, ದೇಶಸೇವೆ, ಮುಂದಿನ ಪೀಳಿಗೆ ಎಂದು ಬಹಳ ಹೊತ್ತು ಮಾತಾಡಿದರು. ಗಂಡಸರು ಬೀಡಿಯ ತುದಿ ನೋಡುತ್ತ ಕೂತಿದ್ದರು. ಕೊನೆಗೆ ಬಾಯಿಬಿಟ್ಟವರು ನಮ್ಮತ್ತೆ ಗಂಗರತ್ನಮ್ಮ. ಅವರ ಮಾತಿಗೆ ಊರಲ್ಲಿ ಎದುರಿರಲಿಲ್ಲ. ಮನೆಯಲ್ಲಂತೂ ನಾನು ಉಸಿರೆತ್ತುವ ಹಾಗಿರಲಿಲ್ಲ.

"ನಿಮ್ ಕಡೆಯಿಂದ ಎಷ್ಟ್ ಆಳು ಸಾಮಿ?"

ಇಲಾಖೆಯ ಸಿಬ್ಬಂದಿಯ ವಿಷಯ ಕೇಳುತ್ತಿದ್ದಾರೆ ಎಂದುಕೊಂಡು ವೆಂಕಟರಾಮಯ್ಯನವರು ನಾಚಿಕೆಯಿಂದ, ತಾವು, ಖಾದರ್, ಖುರ್ಷೀದ್, ಮೂವರೇ ಎಂದರು. ನಮ್ಮತ್ತೆ ತಲೆಯಾಡಿಸಿ ಸೋಮವಾರ ಬರುತ್ತೇವೆ ಎಂದರು. ಸೋಮವಾರ ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕೈ ಬಿಡುವಾಗಿರುತ್ತದೆ.

ಎಂಥ ನಿಸ್ವಾರ್ಥ ಹೆಂಗಸು ಎಂದು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರಂತೆ. ನಮ್ಮತ್ತೆಯ ತಲೆಯೊಳಗೆ ದೇಶಸೇವೆ ಇಳಿದೇ ಇರಲಿಲ್ಲ. ಅವರು ಮುಯ್ಯಾಳು ಗೊತ್ತು ಮಾಡಿಕೊಂಡಿದ್ದರು, ಅಷ್ಟೆ. ಇವತ್ತು ನಿನ್ನ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿಯಿಲ್ಲ, ಲೆಕ್ಕವಿಲ್ಲ. ಹತ್ತು ಜನ ಹೋದ ಕಡೆಯಿಂದ ಇಬ್ಬರೇ ಬಂದರೂ ನಡೆಯುತ್ತದೆ, ಬರುವುದು ಮುಖ್ಯ. ನಮ್ಮೂರಿನ ನಾಟಿ, ಕಳೆ, ಕೊಯ್ಲು ಎಲ್ಲ ನಡೆಯುವುದು ಹಾಗೆಯೇ. ಸರ್ಕಾರದ ಕೆಲಸ ಬೇರೆ ಥರ ನಡೆಯುತ್ತದೆ ಎಂದು ನಮಗೇನು ಗೊತ್ತು?

ಸೋಮವಾರ ಸೋಮವಾರ ಹೋದೆವು. ಹೆಂಗಸರು ಕೆರೆಯಿಂದ ಸಾಲಾಗಿ ಕೊಡ ಸಾಗಿಸಿದೆವು, ಗಂಡಸರು ಪಾತಿ ಮಾಡಿ ಸುತ್ತ ಜಾಲಿಮುಳ್ಳು ಕಟ್ಟಿದರು. ಮೇಕೆ ಮೇಯಿಸುವ ಚಿಕ್ಕಬೈರಪ್ಪನೇ ಮುಂದೆ ನಿಂತು ಮುಳ್ಳು ಕಡಿದ. ಆ ವರ್ಷ ರಾಗಿ ಕೊಯ್ಲು ಬಂದಾಗ ನಮ್ಮತ್ತೆ, ನಾಳೆ ನಮ್ಮ ಹೊಲ ಕೊಯ್ಯುತ್ತೇವೆ ಎಂದು ಯಲಹಂಕಕ್ಕೆ ಹೇಳಿಕಳಿಸಿದರು.

ವೆಂಕಟರಾಮಯ್ಯನವರು ಊಟಕ್ಕೆ ಕರೆದಿದ್ದಾರೆ ಎಂದುಕೊಂಡು ಇಸ್ತ್ರಿ ಶರಟು ಹಾಕಿ, ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಖಾದರ್ ಬಾಷಾ, ಖುರ್ಷೀದ್ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಬಂದು ನೇರ ಸಾಲಿಗೆ ಇಳಿದರು. ಅವರಿಬ್ಬರು ಇಳಿದ ಮೇಲೆ ತಾವು ಹೊಲದ ಬದುವಿನ ದಿಂಡಿನ ಮೇಲೆ ನಿಂತಿರಲಾರದೆ ಇವರೂ ಒಂದು ಕುಡುಗೋಲು ಕೇಳಿ ಇಸಿದುಕೊಂಡರು. ಸ್ವಲ್ಪ ಹೊತ್ತಿಗೇ ಬೆರಳು ಕುಯ್ದುಕೊಂಡರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಮಧ್ಯಾಹ್ನ ಮುತ್ತುಗದ ಎಲೆ ಹಾಸಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆವು. ಮುದ್ದೆ, ಅವರೆಕಾಳು ಸಾರು. ವೆಂಕಟರಾಮಯ್ಯನವರ ಮನೆಯ ಮಡಿ ನಮಗೆ ಗೊತ್ತಿತ್ತು. ಒಂದು ಗಳಿಗೆ ಎಲೆ ನೋಡುತ್ತ ಕೂತರು, ಆಮೇಲೆ ಕೈಯಿಟ್ಟರು. ಮುದ್ದೆಯನ್ನು ಅನ್ನದ ಹಾಗೆ ಅಗಿದು ಅಗಿದು ತಿಂದರು. ಖುರ್ಷೀದ್ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಮೂರು ಕೊಯ್ಲು ನಡೆದವು. ಹೊಂಗೆ ಎದೆಮಟ್ಟಕ್ಕೆ ಬಂದಿತ್ತು. ಬ್ಯಾಟರಾಯನಪುರದವರೂ ನಮ್ಮ ಕಡೆಯೂ ಗಿಡ ಹಾಕಿ ಎಂದು ಕೇಳತೊಡಗಿದ್ದರು. ಇಷ್ಟಾದ ಮೇಲೆ ಇಲಾಖೆಯ ಕಣ್ಣು ಬಿತ್ತು. ನಮಗೆ ವನಸೇವಾ ದಳ ಎಂದು ಹೆಸರಾಯಿತು, ಬೋರ್ಡು ಬಂತು, ಎದೆಗೆ ಚುಚ್ಚಿಕೊಳ್ಳಲು ಬಿಲ್ಲೆ ಬಂತು, ನಮ್ಮತ್ತೆ ಅಧ್ಯಕ್ಷಿಣಿಯಾದರು. ಅಧ್ಯಕ್ಷಿಣಿಯವರು ಆ ಬಿಲ್ಲೆಯ ಪಿನ್ನನ್ನು ಎಲೆಅಡಿಕೆ ಚೀಲದ ಬಾಯಿಗೆ ಹಾಕಿಕೊಂಡರು. ವೆಂಕಟರಾಮಯ್ಯನವರ ಸಂತೋಷ ಹೇಳತೀರದು. ಬೋರ್ಡು ನೆಟ್ಟ ದಿನ, ಇನ್ನು ನನಗೆ ಎಲ್ಲಿಗೆ ವರ್ಗವಾದರೂ ಈ ಕೆಲಸ ನಿಲ್ಲುವುದಿಲ್ಲ ಎಂದು ನನ್ನೆದುರೇ ಹೇಳಿದರು.

ಆ ಸಲದ ಕೊಯ್ಲಿಗೆ ಮುಂಚೆ ಮೇಲಿನ ಸಾಹೇಬರೊಬ್ಬರು ತನಿಖೆಗೆ ಬಂದರು. ನಿಮ್ಮ ಗಾರ್ಡು ರೈತರ ಹೊಲದಲ್ಲಿ ರಾಗಿ ಕೊಯ್ಯುತ್ತಾನಂತೆ, ಏನ್ರೀ ಇದು ಎಂದು ಕೇಳಿದರಂತೆ. ಹೌದು ಸಾರ್, ನಾನೂ ಕೊಯ್ಯುತ್ತೇನೆ ಎಂದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಆದರೆ ಇವರಿಗೆ ಜೀವ ಹಾರಿದಂತಾಯಿತು. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎಂದು ಯಾರಾದರೂ ಆಡಿಕೊಂಡರೆ ದಳಕ್ಕೆ ಮಸಿ ಅಂಟುತ್ತದೆ ಎಂದು ಹೆದರಿ, ಇನ್ನು ಮುಂದೆ ಹಾಗಾಗುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟರು. ಕೊಯ್ಲಿಗೆ ಹೋಗಕೂಡದು ಎಂದು ಖಾದರ್ ಬಾಷಾನಿಗೂ ಹೇಳಿದರು.

"ಸಾಬ್, ಅವ್ರು ಕಾಯ್ತಾ ಇರ್ತಾರೆ," ಎಂದನಂತೆ ಅವನು. ಅದಕ್ಕಿಂತ ದೊಡ್ಡ ಮರ್ಯಾದೆ ಮಾಡಿಸುತ್ತೇನೆ, ನೋಡುತ್ತಿರು ಎಂದರಂತೆ ಇವರು.

ನಮ್ಮತ್ತೆ ಎಂದಿನಂತೆ ಹೇಳಿಕಳಿಸಿದ್ದರು. ಬೆಳಿಗ್ಗೆಯೆಲ್ಲ ಕಾದೆವು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಸಾಲಿನಲ್ಲಿ ಮೂರು ಎಲೆ ಹಾಸಿಸಿದರು, ತಡವಾಗಿಯಾದರೂ ಬಂದಾರು ಎಂದು. ಊಟ ಮುಗಿದು ನಾವು ಎದ್ದೆವು, ಆ ಎಲೆಗಳು ಹಾಗೇ ಉಳಿದವು. ಮೋಡ ಕವಿದಿತ್ತು, ಕೊಯ್ದ ರಾಗಿ ನೆನೆದೀತೆಂದು ಓಡಾಡಿ ಮೆದೆ ಹಾಕುತ್ತಿದ್ದಾಗ ಜೀಪು ಬಂತು. ವೆಂಕಟರಾಮಯ್ಯನವರು, ಸಾಹೇಬರು, ಫೋಟೋದವನು. ಶಾಲು, ಹಣ್ಣಿನ ತಟ್ಟೆ, ಗಾಜು ಹಾಕಿಸಿದ ಪ್ರಶಸ್ತಿಪತ್ರ. ಕೈಯಲ್ಲಿ ಕುಡುಗೋಲು ಹಿಡಿದು ನಿಂತಿದ್ದ ನಮ್ಮತ್ತೆಗೆ ಅಲ್ಲೇ ಶಾಲು ಹೊದಿಸಿದರು. ಅವರು ಕೈ ಮುಗಿದರು. ಜೀಪು ಹೋದ ಮೇಲೆ ಶಾಲನ್ನು ಮಡಿಸಿ ನನ್ನ ಕೈಗೆ ಕೊಟ್ಟು ಮೆದೆಯ ಕಡೆ ಹೋದರು.

ಮುಂದಿನ ಸೋಮವಾರ ಊರಲ್ಲಿ ಯಾರೂ ನೊಗ ಕಟ್ಟಲಿಲ್ಲ, ಯಾರೂ ಕಾವಲಿಗೂ ಹೋಗಲಿಲ್ಲ. ವೆಂಕಟರಾಮಯ್ಯನವರು ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಕಾದರಂತೆ. ಆಮೇಲೆ ಮನೆಗೇ ಬಂದರು. ಅಷ್ಟು ಮರ್ಯಾದೆ ಮಾಡಿದ ಮೇಲೂ ಹೀಗೆ ಮಾಡಬಹುದೇ ಎಂದು ಬೇಜಾರಿನಲ್ಲೇ ಕೇಳಿದರು. ನಮ್ಮತ್ತೆ ಕೆಲಸ ಇದೆ ಸಾಮಿ ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ನಾನು ಧೈರ್ಯ ಮಾಡಿ, ಬಾಯಿಬಿಟ್ಟು ಹೇಳಿಬಿಡಬಾರದಾ ಅತ್ತೆ ಎಂದೆ.

"ಕೇಳಿ ಈಸ್ಕೊಂಡ್ರೆ ಅದು ಮುಯ್ಯಿ ಎಂಗಾಯ್ತದೆ? ಭಿಕ್ಷೆ ಆಯ್ತದೆ," ಎಂದು ನನ್ನ ಬಾಯಿ ಮುಚ್ಚಿಸಿದರು.

ಆ ಬೇಸಿಗೆ ಬಿರುಸಾಗಿತ್ತು. ಖಾದರ್, ಖುರ್ಷೀದ್ ಇಬ್ಬರೇ ನೀರು ಹೊತ್ತು ಕೆರೆಯ ಬದಿಯ ನಾಲ್ಕಾರು ಗಿಡ ಉಳಿಸಿಕೊಂಡರು. ಉಳಿದವು ನಿಂತಲ್ಲೇ ಒಣಗಿದವು. ಮುಳ್ಳನ್ನು ಯಾರೋ ಒಲೆಗೆ ಎಳೆದುಕೊಂಡರು, ಮಿಕ್ಕಿದ್ದು ಮೇಕೆಗಾಯಿತು. ನಮಗೂ ಹೊಟ್ಟೆ ಉರಿಯುತ್ತಿತ್ತು, ನಾವು ಬೆಳೆಸಿದ ಗಿಡ ತಾನೇ. ಆದರೂ ಒಬ್ಬರೂ ಕೊಡ ಎತ್ತಲಿಲ್ಲ. ಮಾರನೆಯ ವರ್ಷ ವೆಂಕಟರಾಮಯ್ಯನವರಿಗೆ ಕೋಲಾರದ ಕಡೆಗೆ ವರ್ಗವಾಯಿತು. ಹೋಗುವಾಗ ಊರೊಳಗೆ ಬರಲಿಲ್ಲ. ಖಾದರ್ ಬಾಷಾ ಮಾತ್ರ ಆಮೇಲೆ ಕೊಯ್ಲಿನ ದಿನ ರಜೆ ಹಾಕಿ ಹೆಂಡತಿಯ ಜೊತೆ ಬರತೊಡಗಿದ, ನಾವು ಅವನ ಮನೆಯ ಗೋಡೆ ಮೆತ್ತಲು ಹೋಗುತ್ತಿದ್ದೆವು.

ಮತ್ತೆ ವೆಂಕಟರಾಮಯ್ಯನವರನ್ನು ನೋಡಿದ್ದು ಅರವತ್ತಾರರ ಕೊಯ್ಲಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಸ್ಸಿಳಿದು ನಡೆದುಕೊಂಡು ಬಂದರು, ಕಂಕುಳಲ್ಲಿ ಪೇಪರು ಸುತ್ತಿದ ಹೊಸ ಕುಡುಗೋಲು. ಹೊಲದ ಬದಿಯಲ್ಲಿ ನಿಂತು ನನಗೇ ಮೊದಲು ಹೇಳಿದರು. ಕೋಲಾರದಲ್ಲಿ ಅವರ ಮನೆಕೆಲಸದಾಳು ಒಂದು ದಿನ ರಜೆ ಕೇಳಿದನಂತೆ. ಯಾಕೆ ಎಂದರೆ, ಮುಯ್ಯಾಳು ತೀರಿಸಬೇಕು ಸಾರ್, ನಾನು ಹೋಗದಿದ್ದರೆ ನಾಳೆ ನನ್ನ ಹೊಲಕ್ಕೆ ಯಾರೂ ಕಾಲಿಡುವುದಿಲ್ಲ ಎಂದನಂತೆ. ಅವತ್ತು ರಾತ್ರಿ ಊಟ ಸೇರಲಿಲ್ಲ ಕಣಮ್ಮ ಎಂದರು. ರಿಟೈರ್ ಆದ ಮೇಲೆ ಮೊದಲು ಬರಬೇಕಾದದ್ದು ಇಲ್ಲಿಗೇ ಎಂದು ಬಂದಿದ್ದರು.

ನಮ್ಮತ್ತೆ ಸಾಲಿನಿಂದ ಎದ್ದು ಬಂದರು.

"ಹಳೇದು ಬಾಕಿ ಇದೆ ಗಂಗರತ್ನಮ್ಮ. ತೀರಿಸೋಕೆ ಬಂದೆ," ಎಂದರು ವೆಂಕಟರಾಮಯ್ಯನವರು.

"ಅಳೇದು ಅವತ್ತೇ ತೀರೋಯ್ತಲ್ಲ ಸಾಮಿ. ಶಾಲು ಒದಿಸಿದ್ರಿ," ಎಂದರು ನಮ್ಮತ್ತೆ. ಅದರಲ್ಲಿ ಚುಚ್ಚುಮಾತಿನ ದನಿ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಅವರ ಕೈಯಿಂದ ಕುಡುಗೋಲು ತೆಗೆದುಕೊಂಡು ಹೆಬ್ಬೆರಳಿನಿಂದ ಅದರ ಅಲಗು ಸವರಿ ನೋಡಿದರು. "ಇವತ್ತು ನೀವು ಕೊಯ್ದ್ರೆ, ನಾಳೆ ನಾವು ಎಲ್ಲಿಗೆ ಬರಾದು?"

ವೆಂಕಟರಾಮಯ್ಯನವರು ಕಾವಲಿನ ಕಡೆ ತಿರುಗಿದರು. ಅದು ಈಗ ಅವರದ್ದಲ್ಲ. ಬೋರ್ಡು ಕೂಡ ಬಿದ್ದುಹೋಗಿತ್ತು.

ಉಣ್ಣದೆ ಹೋಗಬೇಡಿ ಎಂದು ನಮ್ಮತ್ತೆ ಅವರನ್ನು ಹುಣಸೆಮರದ ನೆರಳಿಗೆ ಕರೆದುಕೊಂಡು ಹೋದರು. ನನಗೆ ಚಾಪೆ ಹಾಸಲು ಹೇಳಿದರು, ಮನೆಯಿಂದ ನೆಂಟರಿಗೆಂದು ಇಟ್ಟಿದ್ದ ಕಂಚಿನ ತಟ್ಟೆ ತರಿಸಿದರು. ಆಚೆ ದಿಂಡಿನ ಮೇಲೆ ಎಲೆ ಹಾಸಿತ್ತು, ಖಾದರ್, ಖುರ್ಷೀದ್ ನಮ್ಮವರ ನಡುವೆ ಕೂತಿದ್ದರು. ವೆಂಕಟರಾಮಯ್ಯನವರು ಒಂದು ಗಳಿಗೆ ಆ ಸಾಲನ್ನೇ ನೋಡುತ್ತ ನಿಂತು, ಆಮೇಲೆ ಚಾಪೆಯ ಮೇಲೆ ಕೂತರು.

ನಾನು ಬಡಿಸಿದೆ. ಕೋಲಾರದಲ್ಲಿ ಕಲಿತಿದ್ದರೋ ಏನೋ, ಈ ಸಲ ಮುದ್ದೆಯನ್ನು ಅಗಿಯಲಿಲ್ಲ, ತುತ್ತು ಮುರಿದು ಸಾರಿಗೆ ಅದ್ದಿ ನಮ್ಮ ಹಾಗೆಯೇ ನುಂಗಿದರು. ಅದನ್ನು ನೋಡುವುದಕ್ಕೆ ಪಕ್ಕದಲ್ಲಿ ಕೂತು ಉಣ್ಣುವವರು ಯಾರೂ ಇರಲಿಲ್ಲ.