ಮ್ಯಾನೇಜರರ ಮೆಚ್ಚುಗೆ

ಹದಿನೆಂಟು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿದ ಆಕೆಯನ್ನು ಒಂದು ಸೋಮವಾರ ಮ್ಯಾನೇಜರು ಕರೆದು, "ನಾಳೆಯಿಂದ ಬರೋದು ಬೇಡಮ್ಮ, ಆ ಕೆಲಸಾನ ಈಗ ಕಂಪ್ಯೂಟರೇ ಮಾಡುತ್ತೆ" ಎಂದುಬಿಟ್ಟರು. ಅಕ್ಕನ ಮಗಳು ಮೊಬೈಲಿನಲ್ಲಿ, ಕೆಲಸ ಹುಡುಕುವವರ ಜಾಲತಾಣವೊಂದರಲ್ಲಿ ಚಿಕ್ಕಮ್ಮನ ಹೆಸರಿಗೆ ಖಾತೆ ತೆರೆದು, "ಕೆಲಸ ಬೇಕಾಗಿದೆ" ಎಂದು ಫೋಟೊ ಸಮೇತ ಹಾಕಿದಳು.

ಮೊದಲ ಕಮೆಂಟು ಆ ಮ್ಯಾನೇಜರದ್ದೇ: "ಇಂಥ ಪ್ರಮಾಣಿಕ ಕೆಲಸಗಾರ್ತಿ ಸಿಗೋದು ಅಪರೂಪ. ಕಳ್ಕೊಂಡಿದ್ದಕ್ಕೆ ತುಂಬಾ ಬೇಜಾರಿದೆ."

'ಪ್ರಾ'ದ ದೀರ್ಘ ಬಿಟ್ಟುಹೋಗಿತ್ತು. ಅವರ ಪತ್ರಗಳಲ್ಲಿ ಅದೇ ತಪ್ಪನ್ನು ಆಕೆ ಎಷ್ಟು ಸಲ ತಿದ್ದಿದ್ದಳೋ! ಸಂಜೆಯೊಳಗೆ ಇನ್ನೂರು ಜನ ಅವರ ದೊಡ್ಡ ಮನಸ್ಸನ್ನು ಕೊಂಡಾಡಿದರು. ಒಬ್ಬನಂತೂ, "ನಿಮ್ಮ ಕೈಕೆಳಗೆ ನನಗೂ ಕೆಲಸ ಕೊಡಿ ಸಾರ್" ಎಂದು ಬೇಡಿಕೊಂಡಿದ್ದ.

"ಮಗೂನ ಚಿವುಟೋದೂ ಇವರೇ, ತೊಟ್ಟಿಲು ತೂಗೋದೂ ಇವರೇ. ನಿಜ ಬರೆದುಬಿಡ್ಲಾ?" ಎಂದಳು ಆಕೆ.

"ಬೇಡ ಚಿಕ್ಕಮ್ಮ, ಥ್ಯಾಂಕ್ಸ್ ಹಾಕು. ಹೊಸ ಕಡೆಯವರು ಮೊದಲು ವಿಚಾರಿಸೋದು ಅವರನ್ನೇ."

ಆಕೆ ಹಲ್ಲು ಕಚ್ಚಿಕೊಂಡು, "ನಿಮ್ಮ ಉಪಕಾರ ಮರೆಯಲಾರೆ ಸಾರ್" ಎಂದು ಬರೆದಳು. ಮ್ಯಾನೇಜರು ಅದಕ್ಕೊಂದು ಕೆಂಪು ಹೃದಯ ಒತ್ತಿದರು. ತಿಂಗಳು ಕಳೆದರೂ ಕೆಲಸಕ್ಕೆ ಕರೆದವರು ಒಬ್ಬರೂ ಇರಲಿಲ್ಲ.